ಅಮ್ಮನ ಸರದ ಮಣಿಗಳು: ಮಾಲೂರು ಸೀಮೆಯ ಒಂದು ಗರ್ಭಗುಡಿಯ ಬೆಳಕಿನ ಪ್ರಕರಣ

"ಅಮ್ಮ ಮುನಿಸ್ಕೊಂಡವ್ಳೆ." ಈ ಮಾತನ್ನು ಊರಲ್ಲಿ ಮೊದಲು ಯಾರು ಆಡಿದರೋ ಗೊತ್ತಿಲ್ಲ. ನನ್ನ ಕಿವಿಗೆ ಬೀಳುವ ಹೊತ್ತಿಗೆ ಅದು ಊರಿನ ಮಾತೇ ಆಗಿಹೋಗಿತ್ತು.

ಆ ಊರು ಮಾಲೂರು ತಾಲ್ಲೂಕಿನದು, ನನ್ನ ತಾಯಿಯ ತವರು. ಊರಿನ ಹೆಸರನ್ನೂ ಜನರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಚೌಡೇಶ್ವರಮ್ಮನ ಹಳೇ ಗುಡಿ ಬಿರುಕು ಬಿಟ್ಟಿತ್ತು. ಅದನ್ನು ತೆಗೆದು ಹೊಸದಾಗಿ ಕಟ್ಟಿದ್ದರು. ಹಳೇ ವಿಗ್ರಹದ ಕೈ ಮುಕ್ಕಾಗಿತ್ತು, ಹಾಗಾಗಿ ಶಿವಾರಪಟ್ಟಣದಲ್ಲಿ ಹೊಸದು ಮಾಡಿಸಿದರು. ಶಿವಾರಪಟ್ಟಣ ಯಾವುದು ಅಂತ ಕೋಲಾರದವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಅದೂ ಮಾಲೂರು ತಾಲ್ಲೂಕಿನ ಹಳ್ಳಿ, ಶಿಲ್ಪಿಗಳ ಊರು. ರಸ್ತೆಯಲ್ಲಿ ನಡೆದರೆ ಅಕ್ಕಪಕ್ಕದಲ್ಲಿ ಉಳಿ ಸುತ್ತಿಗೆ ಸದ್ದು, ಗ್ರೈಂಡರ್ ಧೂಳು, ಅರ್ಧ ಕೆತ್ತಿದ ಗಣಪತಿ, ಆಂಜನೇಯ.

ವಿಗ್ರಹ ಮೂರು ಅಡಿ ಎತ್ತರದ್ದು, ಕಪ್ಪು ಕಲ್ಲಿನದು. ಕೆಲಸ ಮುಗಿದಾಗ ಊರಿನ ಹದಿನೈದು ಜನ ಟೆಂಪೋ ಮಾಡಿಕೊಂಡು ಹೋಗಿ ನೋಡಿ ಬಂದಿದ್ದರು. ನಗುಮುಖದ ತಾಯಿ ಅಂತ ಎಲ್ಲರೂ ಕೈ ಮುಗಿದಿದ್ದರು. ಪ್ರತಿಷ್ಠೆ ಆಯಿತು, ಊಟ ಆಯಿತು. ಮೂರು ವಾರ ಕಳೆಯುವುದರೊಳಗೆ ಅದೇ ಜನ, ಇದು ನಾವು ನೋಡಿದ ಮುಖ ಅಲ್ಲ ಅನ್ನತೊಡಗಿದರು. ಕೆನ್ನೆ ಊದಿದೆ, ಕಣ್ಣು ಗುರಾಯಿಸುತ್ತಿದೆ, ನಗು ಇಲ್ಲ. ಒಬ್ಬರಂತೂ ಶಿಲ್ಪಿ ವಿಗ್ರಹ ಬದಲಾಯಿಸಿ ಕೊಟ್ಟಿದ್ದಾರೆ ಅಂದೇಬಿಟ್ಟರು. ಸಮಿತಿಯವರು ಕೊಡಬೇಕಿದ್ದ ಬಾಕಿ ದುಡ್ಡು ತಡೆಹಿಡಿದರು.

ಪ್ರತಿಷ್ಠೆ ಆದ ವಿಗ್ರಹದ ಮೇಲೆ ಮತ್ತೆ ಉಳಿ ಇಡುವ ಹಾಗಿಲ್ಲ. ಇಟ್ಟರೆ ಭಿನ್ನ ಆಯಿತು ಅಂತಲೇ ಲೆಕ್ಕ. ಅಂದರೆ ಮುಖ ಸರಿ ಇಲ್ಲ ಅನ್ನುವುದಾದರೆ ಉಳಿದಿರುವುದು ಒಂದೇ ದಾರಿ, ಇದನ್ನು ವಿಸರ್ಜಿಸಿ ಇನ್ನೊಂದು ಮಾಡಿಸುವುದು. ಸಮಿತಿಯ ಅಧ್ಯಕ್ಷರು ನನ್ನ ಸೋದರಮಾವ. ನಾನು ಕೋಲಾರದಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಅವರು ಫೋನ್ ಮಾಡಿ, "ಏನಪ್ಪಾ ಮೇಷ್ಟ್ರೇ, ಒಂದ್ಸಲ ಬಂದು ನೋಡ್ಬಿಟ್ಟು ಹೋಗು. ಕಲ್ಲು ಬಿಸಿಗೇನಾದ್ರೂ ಉಬ್ಬುತ್ತಾ?" ಅಂದರು. ಕಲ್ಲು ಹಾಗೆ ಉಬ್ಬುವುದಿಲ್ಲ ಅಂತ ಫೋನಿನಲ್ಲೇ ಹೇಳಿದೆ. ಆದರೂ ಹೋದೆ.

ಮೊದಲ ಸಂಜೆ

ಹೊಸ ಗುಡಿ ಚೆನ್ನಾಗಿಯೇ ಕಟ್ಟಿದ್ದರು. ಗರ್ಭಗುಡಿಯ ಗೋಡೆಗೆ ಆಳೆತ್ತರಕ್ಕೆ ಬಿಳಿ ಟೈಲ್ಸ್. ನೆಲಕ್ಕೂ ಬಿಳಿ ಟೈಲ್ಸ್, ಮುಖ ಕಾಣುವಷ್ಟು ಹೊಳಪು. ವಿಗ್ರಹದ ಪೀಠದ ಮುಂದಿನ ಅಂಚಿನಲ್ಲಿ, ಹೊರಗೆ ಕಾಣದ ಹಾಗೆ, ಎಲ್‌ಇಡಿ ಪಟ್ಟಿ ಅಂಟಿಸಿದ್ದರು. ಭಕ್ತರೊಬ್ಬರು ಪ್ರೀತಿಯಿಂದ ಕೊಡಿಸಿದ್ದು. ಹಾಲಿನ ಹಾಗೆ ಬಿಳಿ ಬೆಳಕು, ಕೆಳಗಿಂದ ಮೇಲಕ್ಕೆ. ಹಳೇ ಗುಡಿಯಲ್ಲಿ ಇದ್ದ ಹಿತ್ತಾಳೆ ತೂಗುದೀಪವನ್ನು ತೊಳೆದು ಬೀರುವಿನಲ್ಲಿ ಇಟ್ಟಿದ್ದರು.

ನನಗೂ ಆ ಮುಖ ಕಷ್ಟವಾಯಿತು. ಸುಳ್ಳು ಯಾಕೆ ಹೇಳಲಿ, ಮೊದಲ ನೋಟಕ್ಕೆ ಎದೆ ಝಲ್ ಅಂದಿತು. ಹುಬ್ಬಿನ ನೆರಳು ಹಣೆಯ ಮೇಲೆ ಎದ್ದಿತ್ತು. ಕಣ್ಣಿನ ಕೆಳರೆಪ್ಪೆ ಬೆಳಗಿ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಗಲ್ಲ, ಮೂಗಿನ ತಳ ಎಲ್ಲ ಬಿಳಿಚಿಕೊಂಡಿತ್ತು.

ನಾನು ಮೊದಲು ಮಾಡಿದ್ದು ದಡ್ಡ ಕೆಲಸವಲ್ಲ, ಆದರೆ ಉಪಯೋಗಕ್ಕೆ ಬರಲಿಲ್ಲ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ತೆಗೆದು ಅಳೆದೆ. ಪೂಜಾರಪ್ಪನವರು ಪಟ್ಟಿ ಆರಿಸಿ ಎಣ್ಣೆ ದೀಪ ಹಚ್ಚಿದಾಗ ಮತ್ತೆ ಅಳೆದೆ. ಎಲ್‌ಇಡಿ ಬೆಳಕು ದೀಪಕ್ಕಿಂತ ಎಷ್ಟೋ ಪಾಲು ಜಾಸ್ತಿ. ಭೌತಶಾಸ್ತ್ರದ ಲೆಕ್ಕದಲ್ಲಿ ಜಾಸ್ತಿ ಬೆಳಕು ಅಂದರೆ ಜಾಸ್ತಿ ಕಾಣಬೇಕು. ಇಲ್ಲಿ ಆಗಿದ್ದು ತಿರುಗಾಮುರುಗಾ. ನನ್ನ ವಿಷಯ ಒಂದೇ ಇಟ್ಟುಕೊಂಡರೆ ಈ ಗಂಟು ಬಿಚ್ಚುವುದಿಲ್ಲ ಅಂತ ಅಲ್ಲೇ ಅನಿಸಿತು.

ಗಂಟು ಬಿಚ್ಚಿದವಳು ಮಾವನ ಮೊಮ್ಮಗಳು. ಹತ್ತು ವರ್ಷದ ಹುಡುಗಿ. ಕಂಬಕ್ಕೆ ಒರಗಿ ನೋಡುತ್ತಿದ್ದವಳು, "ತಾತಾ, ಅಮ್ಮನ ಸರದ ಮಣಿ ಎಲ್ಲಾ ಉದುರಿಹೋಗವೆ. ಬರೀ ತೂತು ಕಾಣ್ತವೆ" ಅಂದಳು.

ನೋಡಿದೆ. ಹೌದು. ಕೊರಳಿನಿಂದ ಎದೆಯ ಮೇಲೆ ಇಳಿದ ಎರಡು ಎಳೆ ಸರ. ಕಡಲೆಕಾಳಿನ ಗಾತ್ರದ ಮಣಿಗಳನ್ನು ಶಿಲ್ಪಿ ಒಂದೊಂದಾಗಿ ಉಬ್ಬಿಸಿ ಕೆತ್ತಿದ್ದರು. ಬಾಗಿಲಿನಿಂದ ನೋಡಿದರೆ ಅವು ಮಣಿಗಳಾಗಿ ಕಾಣಲಿಲ್ಲ. ಬೆರಳಲ್ಲಿ ಒತ್ತಿದ ಗುಂಡಿಗಳ ಸಾಲು ಕಂಡಿತು. ಹುಡುಗಿಗೆ, "ಬಗ್ಗಿ, ಕಾಲ ಸಂದಿಯಿಂದ ತಲೆಕೆಳಗಾಗಿ ನೋಡು" ಅಂದೆ. ಬಗ್ಗಿದಳು. "ಅಯ್ಯೋ, ಈಗ ಮಣಿ ಅವೆ!" ಎದ್ದು ನೋಡಿದಳು, ಮತ್ತೆ ತೂತು. ನಾಲ್ಕು ಸಲ ಬಗ್ಗಿ ಎದ್ದಳು. ನಗುತ್ತಾ ನಗುತ್ತಾ ಮುಖ ಕೆಂಪಾಯಿತು. ಅವಳು ಬಗ್ಗಿದಾಗ ಕಲ್ಲೂ ಬದಲಾಗಲಿಲ್ಲ, ಬೆಳಕೂ ಬದಲಾಗಲಿಲ್ಲ. ಬದಲಾಗಿದ್ದು ಅವಳ ತಲೆ ಮಾತ್ರ.

ಮೇಲಿನ ಬೆಳಕು ಅನ್ನುವ ನಂಬಿಕೆ

ಇದು ಹಳೇ ವಿಷಯ. ಸ್ಕಾಟ್‌ಲೆಂಡಿನ ಡೇವಿಡ್ ಬ್ರೂಸ್ಟರ್, ಕೆಲೈಡೋಸ್ಕೋಪ್ ಮಾಡಿದವರು, 19ನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿದ್ದರು. ಉಬ್ಬು ಕೆತ್ತನೆ ತಗ್ಗಾಗಿ, ತಗ್ಗು ಕೆತ್ತನೆ ಉಬ್ಬಾಗಿ ಕಾಣುವುದು ಬೆಳಕಿನ ದಿಕ್ಕನ್ನು ನಾವು ಏನಂತ ಎಣಿಸುತ್ತೇವೆ ಅನ್ನುವುದರ ಮೇಲೆ ನಿಂತಿದೆ. 1988ರಲ್ಲಿ ವಿ. ಎಸ್. ರಾಮಚಂದ್ರನ್ ಇದನ್ನು ತುಂಬ ಸರಳವಾದ ಚಿತ್ರಗಳಲ್ಲಿ ತೋರಿಸಿದರು. ಬೂದು ಹಿನ್ನೆಲೆಯ ಮೇಲೆ ಬರೀ ವೃತ್ತಗಳು. ಕೆಲವಕ್ಕೆ ಮೇಲ್ಭಾಗ ಬಿಳಿ, ಕೆಳಭಾಗ ಕಪ್ಪು. ಅವು ಮೊಟ್ಟೆಯ ಹಾಗೆ ಉಬ್ಬಿ ಕಾಣುತ್ತವೆ. ಕೆಲವಕ್ಕೆ ಕೆಳಗೆ ಬಿಳಿ, ಮೇಲೆ ಕಪ್ಪು. ಅವು ಗುಂಡಿಗಳಾಗುತ್ತವೆ. ಹಾಳೆ ತಿರುಗಿಸಿದರೆ ಉಬ್ಬು ತಗ್ಗು ಅದಲುಬದಲು.

ಕಾರಣ ಇಷ್ಟೇ. ಕಣ್ಣಿಗೆ ಸಿಗುವುದು ಎಲ್ಲಿ ಬೆಳಕು, ಎಲ್ಲಿ ಕಪ್ಪು ಅನ್ನುವುದು ಮಾತ್ರ. ಆ ಕಪ್ಪು ನೆರಳಿಂದ ಬಂದಿದ್ದೋ, ಬಣ್ಣದಿಂದ ಬಂದಿದ್ದೋ, ಉಬ್ಬಿನದೋ, ತಗ್ಗಿನದೋ ಅಂತ ಬರೀ ಚಿತ್ರದಿಂದ ತೀರ್ಮಾನ ಆಗುವುದಿಲ್ಲ. ಮಿದುಳು ಒಂದು ಪಕ್ಷ ಹಿಡಿಯಲೇಬೇಕು. ಅದು ಹಿಡಿಯುವ ಪಕ್ಷ: ಬೆಳಕು ಒಂದೇ ಕಡೆಯಿಂದ, ಮೇಲಿನಿಂದ ಬರುತ್ತಿದೆ. ಸೂರ್ಯ ಮೇಲಿದ್ದಾನೆ, ಆಕಾಶ ಮೇಲಿದೆ, ಅಲ್ವಾ? ಈ 'ಮೇಲೆ' ಹೆಚ್ಚಾಗಿ ನಮ್ಮ ತಲೆಯ ಲೆಕ್ಕದ ಮೇಲೆ, ನೆಲದ ಲೆಕ್ಕದ್ದಲ್ಲ. ಹುಡುಗಿ ಬಗ್ಗಿದಾಗ ಮಣಿ ವಾಪಸ್ ಬಂದದ್ದು ಅದಕ್ಕೇ.

ಹಾಗಾದರೆ ಮಣಿ ಗುಂಡಿ ಆದಂತೆ ಮುಖವೂ ಗುಂಡಿ ಯಾಕಾಗಲಿಲ್ಲ? ಮುಖದ ವಿಷಯದಲ್ಲಿ ಇನ್ನೊಂದು ನಂಬಿಕೆ ಅಡ್ಡ ಬರುತ್ತದೆ. ಮುಖ ಯಾವಾಗಲೂ ಮುಂದಕ್ಕೆ ಉಬ್ಬಿರುತ್ತದೆ ಅನ್ನುವುದು ನಮಗೆ ಎಷ್ಟು ಗಟ್ಟಿ ಅಂದರೆ, ಮುಖವಾಡದ ಒಳಮೈ ತೋರಿಸಿದರೂ ದೂರದಿಂದ ಅದು ಉಬ್ಬಿದ ಮುಖವಾಗಿಯೇ ಕಾಣುತ್ತದೆ. ಇಂಗ್ಲೆಂಡಿನ ರಿಚರ್ಡ್ ಗ್ರೆಗರಿ ಇದನ್ನು ತೋರಿಸಿ ಹೆಸರಾದವರು. ಸರದ ಮಣಿಯ ಬಗ್ಗೆ ನಮಗೆ ಅಂಥ ಹಟ ಇಲ್ಲ. ಮಣಿಯೂ ಇರಬಹುದು, ತೂತೂ ಇರಬಹುದು. ಹಾಗಾಗಿ ಅದು ಸುಮ್ನೆ ತಿರುಗಿಬಿಟ್ಟಿತು. ಮುಖ ತಿರುಗಲಿಲ್ಲ. ಮುಖವಾಗಿಯೇ ಉಳಿದು, ಬೇರೆ ಮುಖವಾಯಿತು. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇಲ್ಲಿದೆ. ಪರಿಚಯದ ಮುಖಗಳೇ ಆದರೂ ಕೆಳಗಿನ ಬೆಳಕಿನಲ್ಲಿ ಗುರುತಿಸುವುದು ಕಷ್ಟ ಅಂತ ಜಾನ್‌ಸ್ಟನ್, ಹಿಲ್, ಕಾರ್ಮನ್ ಎಂಬುವರು 1992ರಲ್ಲಿ ತೋರಿಸಿದ್ದರು. "ಇದು ನಾವು ನೋಡಿದ ಮುಖ ಅಲ್ಲ" ಅಂತ ಊರವರು ಹೇಳಿದ್ದು ಮೂಢನಂಬಿಕೆಯೂ ಅಲ್ಲ, ಗುಂಪಿನ ಗಾಳಿಮಾತೂ ಅಲ್ಲ. ಅವರ ಕಣ್ಣು ಕಂಡದ್ದನ್ನೇ ಹೇಳಿದ್ದರು.

ನಗುವಿನ ವಿಷಯ ಹತ್ತಿರದಿಂದ ನೋಡಬೇಕಿತ್ತು. ಗರ್ಭಗುಡಿಯೊಳಗೆ ನಾನು ಹೋಗುವ ಹಾಗಿಲ್ಲ. ಹೊಸ್ತಿಲ ಹೊರಗೆ ಕೂತೆ. ಪೂಜಾರಪ್ಪನವರು ಒಳಗಿಂದ ಟಾರ್ಚ್ ಹಿಡಿದರು. ತುಟಿಯ ಎರಡು ಕೊನೆಯಲ್ಲೂ ಭತ್ತದ ಕಾಳು ಕೂರುವಷ್ಟು ಸಣ್ಣ ಗುಂಡಿ ಇದೆ. ಕೆನ್ನೆ ಅದರ ಮೇಲೆ ಒಂಚೂರು ಬಾಗಿದೆ. ಟಾರ್ಚ್ ಮೇಲಿದ್ದಾಗ ಗುಂಡಿಯ ಮೇಲಂಚು ಕಪ್ಪು, ತಳ ಬೆಳಕು. ಆ ಕಪ್ಪು ಗೆರೆ ತುಟಿಯ ಕೊನೆಯನ್ನು ಕೆನ್ನೆಯ ಕಡೆಗೆ ಎಳೆಯುತ್ತದೆ. ಅದೇ ನಗು. ಟಾರ್ಚ್ ಕೆಳಗೆ ಇಳಿಸಿದರೆ ಮೇಲಂಚು ಬೆಳಗುತ್ತದೆ, ಕಪ್ಪು ಗುಂಡಿಯ ಕೆಳಕ್ಕೆ ಜಾರುತ್ತದೆ, ತುಟಿಯ ಕೊನೆ ಜೋತುಬೀಳುತ್ತದೆ. ಟಾರ್ಚ್ ನಿಧಾನವಾಗಿ ಮೇಲೆ, ಕೆಳಗೆ, ಮತ್ತೆ ಮೇಲೆ. ನಗು ಬಂತು, ಹೋಯಿತು, ಬಂತು. ಹೊಸ್ತಿಲ ಹಿಂದೆ ನಿಂತಿದ್ದ ಮಾವನ ಉಸಿರು ಬಿಗಿಯಾದದ್ದು ನನಗೆ ಕೇಳಿಸಿತು.

ಆಮೇಲೆ ಮೊಬೈಲನ್ನು ಸ್ಟೂಲಿನ ಮೇಲೆ ಅಲುಗಾಡದ ಹಾಗೆ ಇಟ್ಟು ನಾಲ್ಕು ಫೋಟೋ ತೆಗೆದೆ. ಟಾರ್ಚ್ ಪಾದದ ಹತ್ತಿರ, ಎದೆಯ ಮಟ್ಟಕ್ಕೆ ಪಕ್ಕದಲ್ಲಿ, ತಲೆಗಿಂತ ಮೇಲೆ, ನಾಲ್ಕನೆಯದು ಮೊಬೈಲಿನ ಫ್ಲ್ಯಾಷ್. ಮಾರನೇ ದಿನ ಡೇರಿ ಹತ್ತಿರ ಹಾಲು ಹಾಕಲು ಬಂದವರಿಗೆ ತೋರಿಸಿ, ಯಾವುದು ಶಿವಾರಪಟ್ಟಣದಲ್ಲಿ ಕಂಡ ಅಮ್ಮ ಅಂತ ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ಮೂರನೆಯದಕ್ಕೆ ಬೆರಳಿಟ್ಟರು. ಇದನ್ನು ನಾನು ಪ್ರಯೋಗ ಅಂತ ಕರೆಯುವುದಿಲ್ಲ. ಕೇಳಿದವನು ನಾನೇ, ಉತ್ತರವೂ ನನಗೆ ಮೊದಲೇ ಗೊತ್ತಿತ್ತು. ಆದರೆ ನಾಲ್ಕೂ ಒಂದೇ ಕಲ್ಲಿನ ಫೋಟೋ ಅಂದಾಗ ಅವರ ಮುಖದಲ್ಲಿ ಆದ ಬದಲಾವಣೆ ಸಮಿತಿಗೆ ಬೇಕಿತ್ತು.

ಫ್ಲ್ಯಾಷ್ ಫೋಟೋದ ಬಗ್ಗೆ ಒಂದು ಮಾತು. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಹರಿದಾಡಿದ್ದು ಅಂಥದ್ದೇ ಫೋಟೋ. "ಮುಖ ಚಪ್ಪಟೆ ಮಾಡವ್ರೆ" ಅನ್ನುವ ದೂರು ಅಲ್ಲಿಂದ ಹುಟ್ಟಿತ್ತು. ನೋಡುವ ಕಡೆಯಿಂದಲೇ ಬೆಳಕು ಬಿದ್ದರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿಬಿಡುತ್ತದೆ. ಅಷ್ಟೇ ಅಲ್ಲ, ಒಂದು ಫೋಟೋದಿಂದ ಕೆತ್ತನೆ ಎಷ್ಟು ಆಳ ಅಂತ ಹೇಳುವುದಕ್ಕೇ ಆಗದ ಸಂದರ್ಭ ಇದೆ. ಚಪ್ಪಟೆ ಕೆತ್ತನೆಗೆ ತಕ್ಕ ದಿಕ್ಕಿನ ಬೆಳಕು ಕೊಟ್ಟರೆ ಅದು ಆಳದ ಕೆತ್ತನೆಯ ಹಾಗೆಯೇ ಕಾಣಬಹುದು. 1999ರಲ್ಲಿ ಬೆಲ್‌ಹ್ಯೂಮರ್, ಕ್ರೀಗ್‌ಮನ್, ಯೂಲ್ ಇದನ್ನು ಗಣಿತದಲ್ಲಿ ಸಾಧಿಸಿದರು. ಫೋಟೋ ನೋಡಿ ಶಿಲ್ಪಿಯ ಮೇಲೆ ತೀರ್ಪು ಕೊಡುವುದು ಅನ್ಯಾಯ ಅಂತ ಮಾವನಿಗೆ ಕಡ್ಡಿ ಮುರಿದ ಹಾಗೆ ಹೇಳಿದೆ.

ಕನ್ನಡಿ, ಕೋಳಿ, ಪೂಜಾರಪ್ಪನ ಕೈ

ಸಮಿತಿಯ ಸಭೆಯಲ್ಲಿ ಮೂರು ಪ್ರಶ್ನೆ ಬಂದವು. ಮೂರೂ ಒಳ್ಳೆಯ ಪ್ರಶ್ನೆಗಳೇ.

ಒಬ್ಬ ಹಿರಿಯರು, "ಕೋಲಾರಮ್ಮನ ಗುಡೀಲಿ ಕನ್ನಡೀಲಿ ನೋಡ್ತೀವಲ್ಲ, ಇಲ್ಲೂ ಒಂದು ಕನ್ನಡಿ ಇಡಾಣ" ಅಂದರು. ಅಮ್ಮನ ಉಗ್ರ ನೋಟ ನೇರವಾಗಿ ಬೀಳಬಾರದು ಅಂತ ಅಲ್ಲಿ ಕನ್ನಡಿಯಲ್ಲಿ ದರ್ಶನ ಮಾಡುವ ಪದ್ಧತಿ. ಅದರ ಭಾವ ಬೇರೆ, ಅದಕ್ಕೆ ನಾನು ಏನೂ ಹೇಳುವುದಿಲ್ಲ. ಆದರೆ ನಮ್ಮ ತೊಂದರೆಗೆ ಎದುರಿಗಿಟ್ಟ ಕನ್ನಡಿ ಮದ್ದಲ್ಲ. ಅದರಲ್ಲಿ ಎಡ ಬಲ ಬದಲಾದಂತೆ ಕಾಣುತ್ತದೆ. ಮೇಲಿದ್ದದ್ದು ಮೇಲೆ, ಕೆಳಗಿದ್ದದ್ದು ಕೆಳಗೇ ಇರುತ್ತದೆ. ಕೆಳಗಿನ ಬೆಳಕು ಕನ್ನಡಿಯಲ್ಲೂ ಕೆಳಗಿನದೇ.

ಮಾವ ಕೇಳಿದ್ದು ಎರಡನೆಯದು. "ದಿನಾ ನೋಡ್ತಾ ನೋಡ್ತಾ ಕಣ್ಣಿಗೆ ಅಭ್ಯಾಸ ಆಗಲ್ವಾ?" ಇದಕ್ಕೆ ಉತ್ತರ ಹೌದು ಅಲ್ಲ ಎರಡೂ. 1970ರಲ್ಲಿ ಹರ್ಷ್‌ಬರ್ಗರ್ ಎಂಬ ಸಂಶೋಧಕರು ಕೋಳಿಮರಿಗಳನ್ನು ಕೆಳಗಿನಿಂದ ಬೆಳಕು ಬರುವ ಗೂಡಿನಲ್ಲೇ ಬೆಳೆಸಿದರು. ಅವು ಮೇಲಿನ ಬೆಳಕು ನೋಡದೆ ಬೆಳೆದವು. ಆದರೂ ಚಿತ್ರ ತೋರಿಸಿದಾಗ ಬೆಳಕು ಮೇಲಿನದು ಅಂತಲೇ ಉಬ್ಬು ತಗ್ಗು ಲೆಕ್ಕ ಹಾಕಿದವು. ಕೋಳಿಗೆ ಅದು ಹುಟ್ಟಿನಿಂದಲೇ ಬಂದಿದೆ. ಮನುಷ್ಯರ ವಿಷಯದಲ್ಲಿ 2004ರಲ್ಲಿ ವೆಂಡಿ ಆಡಮ್ಸ್ ಮತ್ತು ಜೊತೆಗಾರರು ಬೇರೆ ಮಾತು ಹೇಳಿದರು. ನೋಡುತ್ತಿರುವ ಆಕಾರವನ್ನೇ ಕೈಯಿಂದ ಮುಟ್ಟಿ ತಿಳಿಯುವ ಅವಕಾಶ ಕೊಟ್ಟರೆ, ಬೆಳಕು ಎಲ್ಲಿಂದ ಅನ್ನುವ ನಮ್ಮ ನಂಬಿಕೆ ಸ್ವಲ್ಪ ಸರಿಯುತ್ತದೆ. ಅಂದರೆ ಮುಟ್ಟಬೇಕು.

ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ಕಣ್ಣೂ ಪೂಜಾರಪ್ಪನವರ ಕಡೆ ಹೋಯಿತು. ಮೂರು ವಾರದಿಂದ ಊರೆಲ್ಲ ಗೋಳಾಡುತ್ತಿದ್ದಾಗ ಒಂದು ದಿನವೂ ಮುಖ ಸರಿ ಇಲ್ಲ ಅನ್ನದವರು ಅವರೊಬ್ಬರೇ. ಯಾರಾದರೂ ಕೇಳಿದರೆ "ಚೆನ್ನಾಗವ್ಳಲ್ಲ ತಾಯಿ" ಅಂತಿದ್ದರಂತೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಾರೆ ಅಂತ ಜನ ಅಂದುಕೊಂಡಿದ್ದರು. ದಿನಾ ಬೆಳಗ್ಗೆ ನೀರು ಹಾಕಿ, ಅರಿಶಿನ ಹಚ್ಚಿ, ಕೆನ್ನೆ, ತುಟಿ, ಗಲ್ಲ ಎಲ್ಲ ಅಂಗೈಯಿಂದ ಉಜ್ಜುವ ಮನುಷ್ಯ ಅವರು. "ನನ್ನ ಕೈಗೆ ನಗು ಸಿಗ್ತದಪ್ಪ" ಅಂದರು. ಆಡಮ್ಸ್ ಪ್ರಯೋಗದಲ್ಲಿ ಆದದ್ದೇ ಅವರಿಗೂ ಆಗಿತ್ತು ಅಂತ ನಾನು ಹೇಳಲಾರೆ. ಅವರು ಹತ್ತಿರದಿಂದ, ಕೈಯಲ್ಲಿ ದೀಪ ಹಿಡಿದು ನೋಡುವವರು. ಅದೂ ಕಾರಣ ಇರಬಹುದು. ಆದರೆ ಆ ಮಾತು ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ದೂರ ನಿಂತು ಕೈ ಮುಗಿಯುವ ನಮಗೆಲ್ಲ ಇರುವುದು ಕಣ್ಣೊಂದೇ.

ಮೂರನೆಯ ಪ್ರಶ್ನೆ ಪಟ್ಟಿ ಕೊಡಿಸಿದವರದ್ದು. ಮಂಗಳಾರತಿ ಬೆಳಕೂ ಕೆಳಗಿಂದ ಬರುತ್ತದಲ್ಲ, ಆಗ ಯಾಕೆ ಕೋಪ ಕಾಣುವುದಿಲ್ಲ? ನಿಜಕ್ಕೂ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಆ ರಾತ್ರಿ ಮಂಗಳಾರತಿಯಲ್ಲಿ ಬೇರೆ ಏನೂ ಮಾಡದೆ ಬರೀ ಕರ್ಪೂರ, ಮುಖ ಎರಡನ್ನೇ ನೋಡಿದೆ. ಉರಿ ನಮ್ಮ ಕಣ್ಣ ಮುಂದಿದೆ, ಬೆಳಕು ಎಲ್ಲಿಂದ ಅಂತ ಊಹಿಸುವ ಕೆಲಸವೇ ಇಲ್ಲ. ಎಲ್‌ಇಡಿ ಪಟ್ಟಿ ಅಡಗಿ ಕೂತಿದೆ. ಇನ್ನೊಂದು, ಆರತಿ ನಿಲ್ಲುವುದಿಲ್ಲ, ಸುತ್ತುತ್ತದೆ. ಅದು ಸುತ್ತಿದಂತೆ ಮುಖದ ಮೇಲಿನ ಹೊಳಪಿನ ಚುಕ್ಕೆಗಳೂ ಓಡುತ್ತವೆ. ಹಣೆಯಂಥ ಅಗಲವಾದ ಕಡೆ ಚುಕ್ಕೆ ಉದ್ದಕ್ಕೆ ಜಾರುತ್ತದೆ. ಮೂಗಿನ ತುದಿಯಂಥ ಚೂಪಾದ ಉಬ್ಬಿನಲ್ಲಿ ಅಲ್ಲೇ ಅಂಟಿಕೊಂಡು ನಡುಗುತ್ತದೆ. ಚುಕ್ಕೆಯ ಓಟವೇ ಆಕಾರ ಏನು ಅಂತ ಹೇಳಿಬಿಡುತ್ತದೆ. ಇಷ್ಟು ವರ್ಷ ಆರತಿ ನೋಡಿದ್ದೆ, ಇದನ್ನು ಗಮನಿಸಿರಲಿಲ್ಲ.

ಸಿಮೆಂಟ್ ಬಣ್ಣ

ಪಟ್ಟಿ ಆರಿಸಿ, ತೂಗುದೀಪ ತಂದು ನೇತುಹಾಕಿದೆವು. ಅರ್ಧ ಕೆಲಸ ಆಯಿತು. ಕೋಪ ಹೋಯಿತು, ಮಣಿ ಮಣಿಯಾಯಿತು. ಆದರೆ ಕಳೆ ಬರಲಿಲ್ಲ. ಮೈ ಬೂದು ಬೂದು. "ಸಿಮೆಂಟ್ ಗೊಂಬೆ ಥರ ಅದೆ" ಅಂತ ಹೆಂಗಸರು ಹೇಳಿದರು. ಸರಿಯಾಗಿಯೇ ಹೇಳಿದರು.

ಇಲ್ಲಿ ಆಕಾರದ ಮಾತು ಮುಗಿದು ವಸ್ತುವಿನ ಮಾತು ಶುರುವಾಗುತ್ತದೆ. ಒಂದು ಚಿತ್ರ ನೋಡಿ ಇದು ಕಲ್ಲು, ಇದು ಲೋಹ, ಇದು ಮೇಣ ಅಂತ ನಮಗೆ ಹೇಗೆ ತಿಳಿಯುತ್ತದೆ? ಈ ಪ್ರಶ್ನೆಗೆ ಮನಶ್ಶಾಸ್ತ್ರದವರು, ಕಂಪ್ಯೂಟರ್ ಗ್ರಾಫಿಕ್ಸ್‌ನವರು, ಭೌತಶಾಸ್ತ್ರದವರು ಒಟ್ಟಿಗೆ ಕೂತು ಕೆಲಸ ಮಾಡತೊಡಗಿದ್ದು ಈಚೆಗೆ. ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದ ರೋಲಂಡ್ ಫ್ಲೆಮಿಂಗ್, ಅಮೆರಿಕದ ಎಡ್ವರ್ಡ್ ಅಡೆಲ್ಸನ್ ಈ ದಾರಿಯಲ್ಲಿ ದೊಡ್ಡ ಹೆಸರು.

ಶಿವಾರಪಟ್ಟಣದಲ್ಲಿ ತೋರಿಸುವ ಮುಂಚೆ ಶಿಲ್ಪಿ ವಿಗ್ರಹಕ್ಕೆ ಎಣ್ಣೆ ಸವರಿದ್ದರು. ಗುಡಿಯಲ್ಲಿ ಎಣ್ಣೆ ಹಚ್ಚುವುದೇ ಬೇಡ ಅಂತ ಸಮಿತಿ ತೀರ್ಮಾನ ಮಾಡಿತ್ತು, ಹೊಸ ಟೈಲ್ಸಿಗೆ ಜಿಡ್ಡು ಹಿಡಿಯುತ್ತದೆ ಅಂತ. ಒಣಗಿದ ಕಲ್ಲಿನ ಮೈ ಕಣ್ಣಿಗೆ ಕಾಣದಷ್ಟು ಒರಟು. ಬಿದ್ದ ಬೆಳಕು ಮೇಲ್ಮೈಯಲ್ಲೇ ದಿಕ್ಕಾಪಾಲಾಗಿ ಚೆದುರುತ್ತದೆ. ಆ ಚೆದುರಿದ ಬೆಳಕು ಕಲ್ಲಿನ ಕಪ್ಪಿನ ಮೇಲೆ ತೆಳ್ಳನೆ ಬಿಳಿ ಪರದೆ ಹಾಕಿದ ಹಾಗೆ. ಎಣ್ಣೆ ಆ ಒರಟನ್ನು ತುಂಬುತ್ತದೆ. ಬೆಳಕನ್ನು ಬಗ್ಗಿಸುವ ಗುಣದಲ್ಲಿ ಗಾಳಿಯ ಅಂಕಿ 1, ಅಡುಗೆ ಎಣ್ಣೆಯದು ಸುಮಾರು 1.47, ಕಲ್ಲಿನ ಖನಿಜಗಳದು ಅದಕ್ಕಿಂತ ಸ್ವಲ್ಪ ಮೇಲೆ. ಅಂಕಿಗಳು ಹತ್ತಿರವಾದಷ್ಟೂ ಬೆಳಕು ಚೆದುರದೆ ಒಳಗೆ ಹೋಗುತ್ತದೆ, ಕಲ್ಲು ಅದನ್ನು ನುಂಗುತ್ತದೆ. ಹೊರಮೈ ನಯವಾಗಿ ದೀಪವನ್ನು ಸಣ್ಣ ಚುಕ್ಕೆಯಾಗಿ ತೋರಿಸುತ್ತದೆ. ನಮ್ಮ ಕೆಮ್ಮಣ್ಣು ಮಳೆ ಬಿದ್ದ ತಕ್ಷಣ ಕಡುಗೆಂಪು ಆಗುತ್ತದಲ್ಲ, ಹೆಚ್ಚುಕಡಿಮೆ ಅದೇ ಕಥೆ.

ಮಿದುಳು ಇದನ್ನು ಹೇಗೆ ಓದುತ್ತದೆ? 2007ರಲ್ಲಿ ಇಸಾಮು ಮೊಟೊಯೋಶಿ ಮತ್ತು ಜೊತೆಗಾರರು, ಅವರಲ್ಲಿ ಅಡೆಲ್ಸನ್ ಕೂಡ ಇದ್ದರು, ಒಂದು ವಿಚಾರ ಮಂಡಿಸಿದರು. ಚಿತ್ರದಲ್ಲಿ ಬಹುಪಾಲು ಕಪ್ಪಾಗಿದ್ದು ಅಲ್ಲಲ್ಲಿ ಕೆಲವೇ ಬಿಂದು ತೀರಾ ಬೆಳ್ಳಗಿದ್ದರೆ ನಮಗೆ ಅದು ಹೊಳೆಯುವ, ಕಡುಬಣ್ಣದ ಮೈ ಅನಿಸುತ್ತದೆ. 2009ರಲ್ಲಿ ಬಾರ್ಟನ್ ಆಂಡರ್ಸನ್, ಜೂನೋ ಕಿಮ್ ಅಷ್ಟು ಸಾಲದು ಅಂದರು. ಬಿಳಿ ಬಿಂದು ಎಷ್ಟಿವೆ ಅನ್ನುವುದಕ್ಕಿಂತ ಎಲ್ಲಿವೆ ಅನ್ನುವುದು ಮುಖ್ಯ. ಆಕಾರಕ್ಕೆ ತಕ್ಕ ಜಾಗದಲ್ಲಿದ್ದರೆ ಹೊಳಪು, ಜಾಗ ತಪ್ಪಿದರೆ ಕಲೆ.

ಎರಡನೆಯವರ ಮಾತು ಎಷ್ಟು ಸರಿ ಅನ್ನುವುದಕ್ಕೆ ನಮ್ಮ ಗುಡಿಯಲ್ಲೇ ಸಾಕ್ಷಿ ಇತ್ತು. ಎಣ್ಣೆ ಬೇಡ ಅನ್ನುವ ತೀರ್ಮಾನ ಬದಿಗಿಟ್ಟು ಪೂಜಾರಪ್ಪನವರು ಹರಳೆಣ್ಣೆ ಹಚ್ಚಿದ ಮೇಲೆ, ನೋಡೋಣ ಅಂತ ಒಂದು ಸಲ ಎಲ್‌ಇಡಿ ಪಟ್ಟಿ ಹಾಕಿಸಿದೆ. ಪಟ್ಟಿಯಲ್ಲಿ ಸಣ್ಣ ಸಣ್ಣ ಎಲ್‌ಇಡಿಗಳು ಸಾಲಾಗಿ ಇರುತ್ತವೆ. ಅವೆಲ್ಲ ಗಲ್ಲದ ಕೆಳಗೆ, ಮೂಗಿನ ತಳದಲ್ಲಿ ಒಂದೊಂದಾಗಿ ಪ್ರತಿಫಲಿಸಿದವು. ಅಮ್ಮನ ಗಲ್ಲಕ್ಕೆ ಅಕ್ಕಿಕಾಳು ಅಂಟಿದ ಹಾಗೆ. ಅದನ್ನು ಯಾರೂ ಹೊಳಪು ಅನ್ನಲಿಲ್ಲ. ಆರಿಸಿ ತೂಗುದೀಪ ಒಂದನ್ನೇ ಬಿಟ್ಟಾಗ ಹಣೆಯ ಮೇಲೆ ಒಂದು, ಕೆನ್ನೆಗಳ ಮೇಲೆ ಒಂದೊಂದು, ಮೂಗಿನ ಮೇಲೆ ಒಂದು. ಮಿಕ್ಕಿದ್ದೆಲ್ಲ ಕಾಡಿಗೆಯಂಥ ಕಪ್ಪು.

ಕುಂಕುಮದ ವಿಷಯ ಚಿಕ್ಕದು, ಆದರೆ ಹೇಳಲೇಬೇಕು. ಆ ಪಟ್ಟಿಯ ಬೆಳಕಿನಲ್ಲಿ ಕುಂಕುಮ ಮಂಕಾಗಿತ್ತು. ಪಟ್ಟಿ ಬಂದ ಡಬ್ಬಿಯ ಮೇಲೆ 6500 ಕೆಲ್ವಿನ್ ಅಂತ ಇತ್ತು, ಅಂದರೆ ನೀಲಿ ಮಿಶ್ರಿತ ಬಿಳಿ. ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪು ಕಿರಣ ಕಡಿಮೆ. ಬಣ್ಣ ತೋರಿಸುವ ಗುಣಕ್ಕೆ ಕೊಡುವ ಮಾಮೂಲಿ ಅಂಕಿ, ಸಿಆರ್‌ಐ ಅಂತಾರಲ್ಲ, ಅದನ್ನು ಎಂಟು ಮಾಸಲು ಬಣ್ಣಗಳ ಮೇಲೆ ಲೆಕ್ಕ ಹಾಕುತ್ತಾರೆ. ಕಡುಗೆಂಪು ಆ ಎಂಟರಲ್ಲಿ ಇಲ್ಲ. ಅದರ ಅಂಕಿ ಆರ್9 ಅಂತ ಬೇರೆ ಇದೆ. ಸಿಆರ್‌ಐ 80 ಇದ್ದೂ ಆರ್9 ಸೊನ್ನೆಯ ಹತ್ತಿರ ಇರಬಹುದು. ಗುಡಿಗೆ ಲೈಟು ತರುವವರು ಅಂಗಡಿಯಲ್ಲಿ ಈ ಒಂದು ಅಂಕಿ ಕೇಳಿ ತರಬೇಕು ಅನ್ನುವುದು ನನ್ನ ಕಳಕಳಿಯ ಮಾತು.

ಆಚಾರ್ರು ಬಂದ ದಿನ

ಶಿಲ್ಪಿಗಳನ್ನು ಕರೆಸಿದೆವು. ಅರವತ್ತು ದಾಟಿದವರು, ಮಾತು ಕಡಿಮೆ. ಹೊಸ್ತಿಲಲ್ಲಿ ನಿಂತು ಮೊದಲು ನೋಡಿದ್ದು ವಿಗ್ರಹವನ್ನಲ್ಲ, ಮೇಲಿನ ದೀಪವನ್ನು. "ಈ ದೀಪ ಇರ್ತದೆ ಅಂತಾನೇ ಕೆತ್ತಿದ್ದು" ಅಂದರು. ಹಳೇ ಗುಡಿಯನ್ನು ಅವರು ಮುಂಚೆಯೇ ನೋಡಿದ್ದರು. ಮುಖದ ಕೊನೆಯ ಕೆಲಸವನ್ನು ಅವರು ಹಗಲಲ್ಲಿ ಮಾಡುವುದಿಲ್ಲವಂತೆ. ಶೀಟಿನ ಕೊಟ್ಟಿಗೆಯಲ್ಲಿ ಕತ್ತಲಾದ ಮೇಲೆ ಒಂದು ಬಲ್ಬನ್ನು ಕೋಲಿಗೆ ಕಟ್ಟಿ, ತಲೆಗಿಂತ ಮೇಲೆ ಹಿಡಿದು, ಆ ಕಡೆ ಈ ಕಡೆ ಆಡಿಸಿ ನೆರಳು ನೋಡಿ ತುಟಿ ಮುಗಿಸುತ್ತಾರೆ. ಲ್ಯಾಬಿನಲ್ಲಿ ಕೂತು ನಾವು ಮಾಡುವ ಕೆಲಸವನ್ನು ಅವರು ಇಷ್ಟು ವರ್ಷದಿಂದ ಮಾಡಿಕೊಂಡೇ ಬಂದಿದ್ದಾರೆ.

"ಹಾಗಾದ್ರೆ ಮೊದ್ಲೇ ಹೇಳ್ಬಹುದಿತ್ತಲ್ಲ ಆಚಾರ್ರೇ, ಲೈಟಿಂದ ಹಿಂಗಾಗದೆ ಅಂತ" ಅಂದರು ಮಾವ.

"ಮುಖ ಸರಿ ಇಲ್ಲ ಅಂತ ನೀವು ಅಂತಿದ್ದಾಗ ಲೈಟು ಸರಿ ಇಲ್ಲ ಅಂತ ನಾನು ಹೇಳಿದ್ರೆ ನೆಪ ಅನ್ಕೊಳ್ಳಲ್ವಾ?"

ಮಾವ ತಲೆ ತಗ್ಗಿಸಿದರು. ಬಾಕಿ ದುಡ್ಡನ್ನು ಎಲೆ ಅಡಿಕೆ ಜೊತೆ ಅಲ್ಲೇ ಕೊಟ್ಟರು.

ಪೀಠದ ಪಟ್ಟಿ ತೆಗೆದಾಯಿತು. ಕೊಡಿಸಿದವರಿಗೆ ನೋವಾಗದಿರಲಿ ಅಂತ ಅದನ್ನು ಗೋಪುರದ ಸುತ್ತ ಹಾಕಿದರು, ಅಲ್ಲಿ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಬರುವವರಿಗಾಗಿ ಬಾಗಿಲ ಮೇಲ್ಪಟ್ಟಿಯ ಒಳಗಡೆ ಒಂದು ಚಿಕ್ಕ 2700 ಕೆಲ್ವಿನ್ ದೀಪ, ಅಂದರೆ ಹಳದಿ ಮಿಶ್ರಿತ ಬೆಳಕಿನದು, ಇಟ್ಟೆವು. ಎಲ್ಲಿ ಇಡುವುದು ಅಂತ ಅರ್ಧ ಗಂಟೆ ಆಚೀಚೆ ಸರಿಸಿ ನೋಡಿದೆವು. ಕೊನೆಗೆ ಆಚಾರ್ರು ಒಪ್ಪಿದ ಜಾಗ ನೋಡುವವರ ಎಡಕ್ಕೆ, ಮೇಲೆ. ನನಗೆ ಒಳಗೊಳಗೇ ಖುಷಿಯಾಯಿತು. ಬೆಳಕು ನಡುನೆತ್ತಿಯ ಮೇಲಿಂದಲ್ಲ, ಸ್ವಲ್ಪ ಎಡಗಡೆ ಮೇಲಿಂದ ಬರುತ್ತದೆ ಅಂತ ನಮ್ಮ ಕಣ್ಣು ಎಣಿಸುತ್ತದೆ ಅನ್ನುವುದನ್ನು ಸುನ್ ಮತ್ತು ಪೆರೋನಾ 1998ರಲ್ಲಿ ಬರೆದಿದ್ದರು. ಆಚಾರ್ರಿಗೆ ಅದನ್ನು ಹೇಳಿದೆ. "ಹಂಗಾ?" ಅಂದರು, ಅಷ್ಟೇ.

ಟೈಲ್ಸ್ ಮಾತ್ರ ಇನ್ನೂ ತೊಂದರೆ. ಹೊಳೆಯುವ ಬಿಳಿ ನೆಲ ಮೇಲಿನ ಬೆಳಕನ್ನು ಮತ್ತೆ ಮೇಲಕ್ಕೆ ಎಸೆಯುತ್ತದೆ. ಗಲ್ಲದ ಕೆಳಗಿನ ನೆರಳು ಕರಗಿ ಮುಖ ಸ್ವಲ್ಪ ತೇಲಿದಂತಾಗುತ್ತದೆ. ಪೀಠದ ಮುಂದೆ ಕಡಪ ಕಲ್ಲು ಹಾಸಿದ ಮೇಲೆ ಸುಮಾರು ಸರಿಹೋಯಿತು. ಗೋಡೆಯದ್ದು ಹಾಗೇ ಇದೆ. ಅದರ ಮೇಲೆ ದಾನಿಗಳ ಹೆಸರು ಬರೆಸಿಯಾಗಿದೆ, ತೆಗೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಎಣ್ಣೆಯ ಹೊಗೆಗೆ ಅದೂ ಮೆಲ್ಲಗೆ ಕಪ್ಪಾಗುತ್ತಿದೆ.

ಆಚಾರ್ರು ಹೊರಡುವಾಗ ನನ್ನ ನಾಲ್ಕು ಫೋಟೋಗಳನ್ನು ಅವರ ಮಗನ ಮೊಬೈಲಿಗೆ ಹಾಕಿಸಿಕೊಂಡರು. ಈಗ ಅವರ ಹತ್ತಿರ ವಿಗ್ರಹಕ್ಕೆ ಮುಂಗಡ ಕೊಡಲು ಹೋದವರಿಗೆ ಮೊದಲು ಆ ಫೋಟೋ ತೋರಿಸುತ್ತಾರಂತೆ. ಎತ್ತರ, ಅಗಲ, ಯಾವ ದೇವರು ಅಂತ ಬರೆದುಕೊಂಡ ಮೇಲೆ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆ: ದೀಪ ಎಲ್ಲಿ?